ನಿಜ ಬರೆದ ಬ್ರೆಡ್ಡಿಗೆ ಗಿರಾಕಿ ಇಲ್ಲ

2023ರ ಬೇಸಿಗೆಯಲ್ಲಿ ನಾನು ಕಲಬುರಗಿಯಲ್ಲಿ ಆಹಾರ ಸುರಕ್ಷತಾಧಿಕಾರಿಯಾಗಿದ್ದೆ. ನಗರದ ಒಂದು ಭಾಗವೂ ಕಮಲಾಪುರ ತಾಲ್ಲೂಕೂ ನನ್ನ ಪಾಲಿಗೆ ಬಂದಿದ್ದವು. ಬೇಸಿಗೆ ಬಂತೆಂದರೆ ನಮ್ಮ ಕಚೇರಿಗೆ ಬರುವ ದೂರುಗಳೆಲ್ಲ ಮಾವಿನ ಹಣ್ಣು, ಐಸ್‌ಕ್ರೀಮು, ಕಬ್ಬಿನ ಹಾಲಿನದೇ. ಬ್ರೆಡ್ಡಿನ ಮೇಲೆ ಯಾರೂ ದೂರು ಕೊಡುವುದಿಲ್ಲ. ಜ್ವರ ಬಂದವರಿಗೆ, ಹಲ್ಲಿಲ್ಲದವರಿಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೊಡುವ ತಿನಿಸು ಅದು. ಅದರ ಮೇಲೆ ಅನುಮಾನ ಪಡುವುದು ಯಾರಿಗೂ ಹೊಳೆಯುವುದಿಲ್ಲ.

ಆದ್ದರಿಂದ ಶರಣಪ್ಪ ಎಂಬವರು ಬಂದು ನನ್ನ ಮೇಜಿನ ಮೇಲೆ ಒಂದು ಬ್ರೆಡ್ ಪಾಕೀಟು ಇಟ್ಟಾಗ ನನಗೆ ಆಶ್ಚರ್ಯವಾಯಿತು. ಅವರದು ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಕಿರಾಣಿ ಅಂಗಡಿ. ಹಿಂದಿನ ಚಳಿಗಾಲದಲ್ಲಿ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡಿದ್ದರು. ಕರಿದದ್ದು ಬೇಡ, ವನಸ್ಪತಿ ಅಂತೂ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಮುಂಜಾನೆಯ ಪೂರಿ ಬಿಟ್ಟು ತಮ್ಮದೇ ಅಂಗಡಿಯ ಬ್ರೆಡ್ ತಿನ್ನತೊಡಗಿದ್ದರು. ಪಾಕೀಟಿನ ಮೇಲೆ ಕೆಂಪು ಹೃದಯದ ಚಿತ್ರ. ಅದರ ಕೆಳಗೆ ‘ಹೃದಯಕ್ಕೆ ಹಿತ, ಟ್ರಾನ್ಸ್ ಫ್ಯಾಟ್ ಸೊನ್ನೆ’ ಎಂಬ ಅಕ್ಷರಗಳು. ಆದರೆ ಚಹಾದಲ್ಲಿ ಅದ್ದಿದರೆ ಮೇಲೆ ಜಿಡ್ಡು ತೇಲುತ್ತಿತ್ತು, ತಿಂದ ಮೇಲೆ ಬಾಯಿಯ ಅಂಗುಳಕ್ಕೆ ಮೇಣದಂತೆ ಅಂಟುತ್ತಿತ್ತು.

“ಮೇಡಂ, ಸಾಯಬಾರದು ಅಂತ ಇದನ್ನ ತಿನ್ನಾಕತ್ತೀನಿ. ಇದ್ರಾಗ ಏನದ ನೀವ ನೋಡಿ ಹೇಳ್ರಿ,” ಎಂದರು.

ಟ್ರಾನ್ಸ್ ಫ್ಯಾಟ್ ಎಂದರೇನು ಎಂದು ಎರಡು ಮಾತು ಹೇಳಬೇಕು. ಎಣ್ಣೆಗೆ ಹೈಡ್ರೋಜನ್ ಸೇರಿಸಿ ತುಪ್ಪದಂತೆ ಗಟ್ಟಿ ಮಾಡಿದರೆ ವನಸ್ಪತಿಯಾಗುತ್ತದೆ. ಅಗ್ಗ, ಬೇಗ ಕೆಡುವುದಿಲ್ಲ, ಬ್ರೆಡ್ಡು ಮೆತ್ತಗಿರುತ್ತದೆ. ಆದರೆ ಹಾಗೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಫ್ಯಾಟ್ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. 2022ರಿಂದ ನಮ್ಮ ದೇಶದಲ್ಲಿ ಇದಕ್ಕೆ ಮಿತಿ ಇದೆ: ಆಹಾರದಲ್ಲಿರುವ ಒಟ್ಟು ಕೊಬ್ಬಿನಲ್ಲಿ ಶೇಕಡಾ ಎರಡನ್ನು ಮೀರುವಂತಿಲ್ಲ.

ಆ ಬ್ರೆಡ್ಡು ತಯಾರಾಗುತ್ತಿದ್ದದ್ದು ಕಲಬುರಗಿಯ ಗಾಜಿಪುರದಲ್ಲಿ, ರಶೀದ್ ಸಾಬರ ಬೇಕರಿಯಲ್ಲಿ. ತಂದೆಯ ಕಾಲದಿಂದ ಉರಿಯುತ್ತಿದ್ದ ಭಟ್ಟಿ. ಜಾಗ ಸ್ವಚ್ಛವಾಗಿತ್ತು, ಹಿಟ್ಟು ಚೆನ್ನಾಗಿತ್ತು. ಮೂಲೆಯಲ್ಲಿ ಮಾತ್ರ ಹೆಸರು, ವಿಳಾಸ ಏನೂ ಇಲ್ಲದ ಕೊಬ್ಬಿನ ಡಬ್ಬಗಳಿದ್ದವು. ನಾನು ಪಾಕೀಟು ತೋರಿಸಿ, ಹೃದಯದ ಚಿತ್ರ ಹಾಕಲು ಯಾರು ಹೇಳಿದರು ಎಂದು ಕೇಳಿದೆ.

“ಆ ಕವರ್ ಬಜಾರದಾಗ ತಯಾರ ಸಿಗ್ತಾವ ಮೇಡಂ. ಹಾಲಿನ ಗ್ಲಾಸಿಂದು ಒಂದು, ಹೂವಿಂದು ಒಂದು, ದಿಲ್ ಇರೋದು ಒಂದು. ದಿಲ್ ಇರೋದು ಚೊಲೊ ಕಾಣ್ತು, ತಂದೆ.”

ಲಾಭಕ್ಕಾಗಿ ಸುಳ್ಳು ಹೇಳುವವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಚಿತ್ರ ಚೆನ್ನಾಗಿದೆ ಎಂದು ಸುಳ್ಳನ್ನು ಕೊಂಡು ತಂದವರನ್ನು ಕಂಡದ್ದು ಅದೇ ಮೊದಲು. ಕೊಬ್ಬಿನ ಡಬ್ಬ ಎಲ್ಲಿಂದ ಬಂತು ಎಂದರೆ ಅದಕ್ಕೂ ಅದೇ ಉತ್ತರ: ಬಜಾರದಿಂದ. ಬಿಲ್ಲು ಎಲ್ಲಿ ಎಂದರೆ, “ಬಿಲ್ಲು ಯಾರ ಕೊಡ್ತಾರ್ರಿ?”

ನಿಯಮದಂತೆ ಮಾದರಿಯನ್ನು ನಾಲ್ಕು ಭಾಗ ಮಾಡಿ, ಮೊಹರು ಹಾಕಿ, ಒಂದನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆ. ಟ್ರಾನ್ಸ್ ಫ್ಯಾಟ್ ಮಿತಿಯನ್ನು ಬಹಳವೇ ಮೀರಿದೆ ಎಂದು ವರದಿ ಬಂತು. ಎರಡು ತಪ್ಪುಗಳಾದವು. ಕೊಬ್ಬಿನದು ಒಂದು, ದಾರಿ ತಪ್ಪಿಸುವ ಲೇಬಲ್ಲಿನದು ಇನ್ನೊಂದು. ವಿಚಾರಣೆಯಲ್ಲಿ ರಶೀದ್ ಸಾಬರು ವಾದ ಮಾಡಲಿಲ್ಲ, ಒಪ್ಪಿಕೊಂಡು ದಂಡ ಕಟ್ಟಿದರು. ಬಹುತೇಕ ವ್ಯಾಪಾರಿಗಳು ಅಲ್ಲಿಗೇ ಮುಗಿಸಿ ಮೊದಲಿನಂತೆ ಮುಂದುವರಿಯುತ್ತಾರೆ. ಇವರು ಮರುದಿನವೇ ನನ್ನ ಕಚೇರಿಗೆ ಬಂದರು.

“ಈಗ ಏನ ಬರೀಬೇಕು ಹೇಳ್ರಿ, ಅದನ್ನ ಬರೀತೀನಿ. ಝೂಟ್ ಸಾಕು ಮೇಡಂ. ಬೀಮಾರ್ ಇದ್ದಾಂವ ನನ್ನ ಬ್ರೆಡ್ ತಿಂದು ದೂರು ಕೊಟ್ಟಾನಂದ್ರ ನಾಚಿಕಿ ಆಗ್ತದ.”

ನನಗಾದ ಸಂತೋಷ ಅಷ್ಟಿಷ್ಟಲ್ಲ. ಹೈಡ್ರೋಜನ್ ಸೇರಿಸದ ಕೊಬ್ಬು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ ಹೇಳಿದೆ. ಅದು ತುಟ್ಟಿ, ಬ್ರೆಡ್ಡೂ ಒಂದು ದಿನ ಮೊದಲೇ ಒಣಗುತ್ತಿತ್ತು. ಆದರೂ ಅವರು ಬದಲಾಯಿಸಿದರು. ಹೊಸ ಕವರಿನ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆಯ ಕೊಬ್ಬು, ಯೀಸ್ಟ್, ಉಪ್ಪು, ಕೆಡದಂತೆ ಹಾಕುವ ಸಂರಕ್ಷಕ ಎಂದು ಇದ್ದದ್ದನ್ನು ಇದ್ದಂತೆ ಬರೆಸಿದರು. ಹೃದಯ ಹೋಯಿತು. ನಾನು ಆ ಕವರನ್ನು ಬೇಕರಿಯವರ ಸಭೆಗಳಲ್ಲಿ ಎತ್ತಿ ತೋರಿಸುತ್ತಿದ್ದೆ.

ದಸರಾ ಕಳೆದ ಮೇಲೆ ರಶೀದ್ ಸಾಬರು ಮತ್ತೆ ಬಂದರು. ಈ ಸಲ ಕೂಡಲಿಲ್ಲ. ಕಮಲಾಪುರ, ಮಹಾಗಾಂವಕ್ಕೆ ಹೋದ ಟೆಂಪೋ ಅರ್ಧ ಮಾಲನ್ನು ವಾಪಸು ತರುತ್ತಿದೆ ಎಂದರು.

“ಜನ ಓದಾಕತ್ತಾರ ಮೇಡಂ. ಮೈದಾ ಅದ ಅಂತಾರ, ಎಣ್ಣಿ ಅದ ಅಂತಾರ, ಔಷಧ ಹಾಕ್ಯಾರ ಅಂತಾರ. ಮೊದಲೂ ಹಾಕ್ತಿದ್ದೆ, ಆಗ ಬರದಿದ್ದಿಲ್ಲ. ಸಚ್ ಬರಿ ಅಂದ್ರಿ, ಬರದೆ. ಈಗ ಭಟ್ಟಿ ಆರಸ್ಲೇನು?”

“ಸ್ವಲ್ಪ ದಿನ ತಡೀರಿ,” ಎಂದೆ. ಸರ್ಕಾರಿ ನೌಕರರ ಬಾಯಲ್ಲಿ ಸದಾ ಸಿದ್ಧವಿರುವ ಮಾತು ಅದು. ಅವರು ಹೋದ ಮೇಲೆ ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಲೇಬಲ್ ಓದಿ ತಿನ್ನಿ, ಓದಿ ತಿನ್ನಿ ಎಂದು ಊರೂರಿಗೆ ಹೋಗಿ ಹೇಳಿದವಳು ನಾನೇ. ಜನ ಓದಿದ್ದರು. ಯಾರು ಬರೆದಿದ್ದರೋ ಅವರದನ್ನು ಮಾತ್ರ ಓದಿದ್ದರು.

ಮರುದಿನ ಬೆಳಿಗ್ಗೆ ಕಮಲಾಪುರಕ್ಕೆ ಹೋದೆ. ಶರಣಪ್ಪನವರ ಅಂಗಡಿಯಲ್ಲಿ ಕೆಂಪು ಬಾಳೆಗೊನೆಯ ಕೆಳಗೆ ಬ್ರೆಡ್ಡಿನ ಹಲಗೆ. ಅದರ ತುಂಬ ಪಕ್ಕದ ರಾಜ್ಯದಿಂದ ಬಂದ ಬೇರೆ ಬ್ರೆಡ್ಡು. ಕವರಿನ ಮೇಲೆ ಬಂಗಾರದ ಬಣ್ಣದ ಗೋಧಿ ತೆನೆ, ‘ಆರೋಗ್ಯಕ್ಕೆ ಉತ್ತಮ’ ಎಂಬ ಮಾತು. ಒಳಗೆ ಏನೇನು ಹಾಕಿದ್ದಾರೆ ಎಂಬುದರ ಸುಳಿವೇ ಇಲ್ಲ. ರಶೀದ್ ಸಾಬರ ಒಂದು ಪಾಕೀಟೂ ಕಾಣಲಿಲ್ಲ.

“ರಶೀದ್ ಸಾಬ್ರ ಬ್ರೆಡ್ ಎಲ್ಲಿ ಶರಣಪ್ಪ ಅವ್ರೇ?”

“ಗಿರಾಕಿ ಬ್ಯಾಡ ಅಂತಾರ್ರಿ. ಎಣ್ಣಿ ಅದ ಅಂತ ಬರದಾನಲ್ರಿ ಅವ.”

“ಇದ್ರಾಗ ಎಣ್ಣಿ ಇಲ್ಲೇನ್ರಿ?”

“ಇರ್ತದ. ಬರದಿಲ್ಲ, ಅಷ್ಟ.”

“ಮತ್ತ ಮನ್ಯಾಗ ನೀವು ಯಾವ್ದು ತಿಂತೀರಿ?”

ಅವರು ಡಬ್ಬಗಳನ್ನು ಸರಿಸತೊಡಗಿದರು. ಒಳಗೆ ತೊಗರಿಬೇಳೆ ಹಸನು ಮಾಡುತ್ತಿದ್ದ ಅವರ ಹೆಂಡತಿ ತಲೆ ಎತ್ತದೆ ಹೇಳಿದರು: “ರಶೀದ್ ಸಾಬ್ರದ ತಿಂತಾರ್ರಿ. ಟೆಂಪೋದಾಂವ ಮನಿಗೆ ಬ್ಯಾರೆ ಕೊಟ್ಟ ಹೋಗ್ತಾನ.”

ಇಷ್ಟು ವರ್ಷಗಳ ನೌಕರಿಯಲ್ಲಿ ನಾನು ಯಾವ ಅಂಗಡಿಯಲ್ಲೂ ದನಿ ಏರಿಸಿದವಳಲ್ಲ. ಅಂದು ಏರಿಸಿದೆ. ನಿಮ್ಮ ಎದೆಗೆ ಒಂದು ಬ್ರೆಡ್ಡು, ಊರಿನವರ ಎದೆಗೆ ಇನ್ನೊಂದೋ ಎಂದು ಕೇಳಿದೆ. ಅಲ್ಲೇ ನಿಂತು ಆ ಗೋಧಿ ತೆನೆಯ ಬ್ರೆಡ್ಡಿನ ಮಾದರಿ ತೆಗೆದೆ. ಬ್ರೆಡ್ಡು ತಯಾರಿಸಿದವರಿಗೆ ಮಾತ್ರವಲ್ಲ, ಮಾರಿದವರಿಗೂ ನೋಟಿಸು ಬರುತ್ತದೆ ಎಂದಾಗ ಶರಣಪ್ಪನವರ ಮುಖ ಇಳಿಯಿತು.

“ದೂರು ಕೊಟ್ಟಾಂವ ನಾನ. ನನಗ ನೋಟಿಸ್ ಏನ್ರಿ?”

“ಮಾರಾವ್ರೂ ನೀವ ಅಲ್ರಿ?”

ವರದಿ ಬಂದಾಗ ಆ ಬ್ರೆಡ್ಡಿನಲ್ಲೂ ಟ್ರಾನ್ಸ್ ಫ್ಯಾಟ್ ಮಿತಿ ಮೀರಿತ್ತು. ತಯಾರಕರು ಬೇರೆ ರಾಜ್ಯದವರಾದ್ದರಿಂದ ಅಲ್ಲಿಗೆ ಪತ್ರ ಬರೆದೆವು. ಪತ್ರಕ್ಕೆ ನೆನಪೋಲೆ, ನೆನಪೋಲೆಗೆ ಮತ್ತೊಂದು ನೆನಪೋಲೆ. ಮರುವರ್ಷ ನಾನು ನಿವೃತ್ತಳಾದಾಗಲೂ ಆ ಕಡತ ಮುಗಿದಿರಲಿಲ್ಲ.

ಆದರೆ ನಿವೃತ್ತಿಗೆ ಮುಂಚೆ ಇನ್ನೊಮ್ಮೆ ಕಮಲಾಪುರಕ್ಕೆ ಹೋಗಿದ್ದೆ. ರಶೀದ್ ಸಾಬರ ಬ್ರೆಡ್ಡು ಹಲಗೆಯ ಮುಂಭಾಗಕ್ಕೆ ಬಂದಿತ್ತು. ಒಬ್ಬ ಹೆಣ್ಣುಮಗಳು ಪಾಕೀಟು ತಿರುಗಿಸಿ ಓದಿ, ಮುಖ ಕಿವುಚಿ ಕೆಳಗಿಟ್ಟಳು. ಶರಣಪ್ಪ ನನ್ನ ಕಡೆ ಒಮ್ಮೆ ನೋಡಿ, ಒಲ್ಲದ ಮನಸ್ಸಿನಿಂದ ಬಾಯಿ ತೆರೆದರು. “ತಂಗಿ, ನನ್ನ ಎದಿಯಾಗ ಸ್ಟೆಂಟ್ ಅದ. ನಾ ಇದನ್ನ ತಿಂತೀನಿ. ಬೇಕಾದ್ರ ಒಯ್ಯವ್ವ, ಇಲ್ಲಾಂದ್ರ ಬಿಡು.” ಅವಳು ದುಡ್ಡು ಕೊಟ್ಟು ಪಾಕೀಟು ತೆಗೆದುಕೊಂಡು ಹೋದಳು. ಗಾಜಿಪುರದ ಭಟ್ಟಿ ಆರಲಿಲ್ಲ. ಮೊದಲಿನಷ್ಟು ಮಾಲು ಇಂದಿಗೂ ಹೋಗುತ್ತಿಲ್ಲ ಎಂದು ರಶೀದ್ ಸಾಬರು ಹೇಳುತ್ತಾರೆ.

ನಿಜ ಬರೆಸುವ ಅಧಿಕಾರ ಕಾನೂನು ನನಗೆ ಕೊಟ್ಟಿತ್ತು. ಒಬ್ಬನಿಂದಲೇ ಬರೆಸಿ ಉಳಿದವರನ್ನು ಬಿಟ್ಟರೆ ಆ ನಿಜವೇ ಅವನಿಗೆ ದಂಡವಾಗುತ್ತದೆ ಎಂಬುದನ್ನು ಮಾತ್ರ ಈ ಪ್ರಕರಣ ಕಲಿಸಬೇಕಾಯಿತು. ಯಾವ ಬ್ರೆಡ್ಡು ಒಳ್ಳೆಯದು ಎಂದು ನೆಂಟರು ಈಗಲೂ ನನ್ನನ್ನು ಕೇಳುತ್ತಾರೆ. ಲೇಬಲ್ ಓದಿ, ಏನೂ ಬರೆಯದ ಪಾಕೀಟನ್ನು ಮುಟ್ಟಬೇಡಿ, ಆಮೇಲೆ ಅಂಗಡಿಯವನಿಗೆ ಮನೆಯಲ್ಲಿ ಯಾವುದು ತಿನ್ನುತ್ತೀ ಎಂದು ಕೇಳಿ ಎನ್ನುತ್ತೇನೆ. ಅವನು ಡಬ್ಬ ಸರಿಸತೊಡಗಿದರೆ ಬೇರೆ ಅಂಗಡಿ ನೋಡಿ.