ಗುಡ್ಡಕ್ಕೆ ಮತ್ತೆ ಪಾಚಿ ಹೊದಿಸುವ ಹಬಿರೀಸ್

ಜುಲೈ ತಿಂಗಳಲ್ಲಿ ಉತ್ತರದ ಹಿಮನಾಡಿನ ನಮ್ಮ ತಿತ್ತಾಖ್ ಊರಿನಲ್ಲಿ ಬೆಳಗಾಗುತ್ತದೆ ಎನ್ನುವುದು ಮಾತಿಗಷ್ಟೇ. ಸೂರ್ಯ ನದಿಯಾಚೆ ಒಂದು ಗಳಿಗೆ ಕಣ್ಣು ಮುಚ್ಚಿ ಎದ್ದುಬಿಡುತ್ತಾನೆ. ಅವನಿಗಿಂತ ಮೊದಲೇ ಎದ್ದವರು ಹಬಿರೀಸ್. ಊರ ಹಿಂದೆ ಗುಡ್ಡ ಕುಸಿದ ಜಾಗದಲ್ಲಿ, ಮಂಡಿಯವರೆಗಿನ ಕೆಸರಿನಲ್ಲಿ ನಿಂತು, ಚೀಲದಿಂದ ಒದ್ದೆ ಪಾಚಿ ತೆಗೆದು ಬರಿಮಣ್ಣಿನ ಮೇಲೆ ಹಾಸುತ್ತಿದ್ದಾರೆ. ಹಾಸಿ, ಅಂಗೈಯಿಂದ ಒತ್ತಿ, ಜಾರದಂತೆ ಸಣ್ಣ ಗೂಟ ಹೊಡೆಯುತ್ತಾರೆ. ಪಕ್ಕದಲ್ಲಿ ಸೊಳ್ಳೆ ಓಡಿಸಲು ಹಚ್ಚಿಟ್ಟ ಒಣಸಗಣಿಯ ಹೊಗೆ. ವರ್ಷವಿಡೀ ಹೆಪ್ಪುಗಟ್ಟಿಯೇ ಇರಬೇಕಾದ ನೆಲದೊಳಗಿನ ಮಂಜುಗಡ್ಡೆ ಕರಗಿ ತೊಟ್ಟಿಕ್ಕುವ ಸದ್ದು ಮಾತ್ರ ನಿಲ್ಲುವುದೇ ಇಲ್ಲ.

"ಈಗ ಮಾತಾಡಿಸ್ಬೇಡ ತಮ್ಮಾ, ಬಿಸಿಲೇರೋದ್ರೊಳಗೆ ಇಷ್ಟು ಮುಚ್ಬೇಕು. ಬೇಕಾದ್ರೆ ಆ ಚೀಲ ಎತ್ಕೊಡು," ಎನ್ನುತ್ತಾರೆ. ಪತ್ರಿಕೆಗೆ ಬರೆಯಲು ಹೋದವನು ಚೀಲ ಹೊತ್ತೆ.

ಇಂಥವರನ್ನು ಎಲೆಮರೆಯ ಕಾಯಿ ಎನ್ನುವುದು ವಾಡಿಕೆ. ಹಬಿರೀಸ್ ಬೇಕೆಂದೇ ಎಲೆಯ ಹಿಂದೆ ಅಡಗಿ ಕೂತವರು. ಅವರದು ಮರದ ಮನೆಗಳ ದಿಮ್ಮಿಗಳ ನಡುವೆ ಪಾಚಿ ತುರುಕುವ ಕಸುಬು. ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಈ ಊರಿನ ಅರ್ಧಕ್ಕರ್ಧ ಜನ ಬೆಚ್ಚಗೆ ಮಲಗುವುದು ಅವರ ಕೈಗುಣದಿಂದ. ಆದರೆ ಗೋಡೆ ಎಬ್ಬಿಸಿದ ಬಡಗಿಯ ಹೆಸರು ಹೇಳುವವರು ಸಂದು ಮುಚ್ಚಿದವನ ಹೆಸರು ಹೇಳುವುದಿಲ್ಲ.

ಹಿಂದೆ ಅವರ ಅಪ್ಪ ಕುದುರೆ ಹೂಡಿಕೊಂಡು ಕಾಡಿಡೀ ಅಲೆದು, ಇಲ್ಲಿಂದೊಂದು ಹಿಡಿ, ಅಲ್ಲಿಂದೊಂದು ಹಿಡಿ ಪಾಚಿ ಕಿತ್ತು ತರುತ್ತಿದ್ದರಂತೆ. ಶಾಲೆಯ ಬೀದಿಯಲ್ಲಿ ಒಂದೇ ಸಲಕ್ಕೆ ಸಾಲುಮನೆಗಳು ಏಳತೊಡಗಿದಾಗ ಹಬಿರೀಸ್‌ಗೆ ಅಷ್ಟು ಪುರುಸೊತ್ತು ಎಲ್ಲಿ? ಊರ ಹಿಂದಿನ ಗುಡ್ಡದ ಮೇಲೆ ಮೊಣಕಾಲು ಮುಳುಗುವಷ್ಟು ಪಾಚಿಯಿತ್ತು. ಎರಡು ಬೇಸಿಗೆಯಲ್ಲಿ ಗುಡ್ಡದ ಒಂದು ಮಗ್ಗುಲನ್ನೇ ಸುಲಿದುಬಿಟ್ಟರು. ಆಗ ಊರೆಲ್ಲ ಭೇಷ್ ಎಂದಿತು.

ಆಮೇಲೆ ಬಂದ ಬೇಸಿಗೆಗಳು ನಾವು ಕಂಡ ಬೇಸಿಗೆಗಳಲ್ಲ. ಕಾಡು ಹೊತ್ತಿಕೊಂಡು ಉರಿಯಿತು, ಆಗಸ್ಟ್ ತುಂಬ ಬೆಚ್ಚನೆಯ ಮಳೆ ಸುರಿಯಿತು. ಮೂರು ವರ್ಷದ ಕೆಳಗೆ ಒಂದು ಮಧ್ಯಾಹ್ನ ಬೋಳು ಮಗ್ಗುಲು ನಿಂತ ಮರಗಳ ಸಮೇತ ಜಾರಿತು. ಶಾಲೆಯಲ್ಲಿ ಅಡುಗೆ ಮಾಡುವ ಅಕುಲಿನಾ ಅವರ ಮನೆಯಿದ್ದದ್ದು ಆ ಗುಡ್ಡದ ನೆತ್ತಿಯಲ್ಲಿ. ಮಾಂಸ, ಮೀನು, ಕರಗಿಸಿ ಕುಡಿಯುವ ಮಂಜುಗಡ್ಡೆ ಇಡುವ ಅವರ ನೆಲಮಾಳಿಗೆ ಕೆಸರಿನ ಜತೆ ಹೋಯಿತು. ಮನೆ ಉಳಿಯಿತು, ಆದರೆ ಅಂಚಿನಲ್ಲಿ.

ನಗರದಿಂದ ಬಂದ ತಜ್ಞರು ನೆಲಕ್ಕೆ ಕಬ್ಬಿಣದ ಸರಳು ಇಳಿಸಿ ನೋಡಿ, ಇಷ್ಟು ಸೆಕೆಗೆ ಇದು ಎಂದಾದರೂ ಜಾರುತ್ತಿತ್ತು, ಯಾರೊಬ್ಬರ ತಪ್ಪೂ ಅಲ್ಲ ಎಂದರು. ಹಬಿರೀಸ್‌ಗೆ ಅದು ಸಮಾಧಾನ ತರಲಿಲ್ಲ.

"ಸೆಕೆ ತಂದೋನು ನಾನಲ್ಲ, ಸರಿ. ಹೊದಿಕೆ ಕಿತ್ತೋನು ನಾನೇ ಅಲ್ವಾ?" ಎನ್ನುತ್ತಾರೆ. "ಪಾಚಿ ಮನೆಯೊಳಗಿನ ಬಿಸಿ ಕಾಯುತ್ತೆ ಅಂತ ಇಡೀ ಜೀವ್ನ ಹೇಳ್ಕೊಂಡ್ ಬಂದೆ. ನೆಲದೊಳಗಿನ ಚಳೀನೂ ಅದೇ ಕಾಯ್ತಿತ್ತು ಅಂತ ನನ್ನ ದಡ್ಡ ತಲೆಗೆ ಹೊಳೀಲಿಲ್ಲ."

ಅಂದಿನಿಂದ ಹೊಸ ರಸ್ತೆಗಾಗಿ ಯಂತ್ರ ಕೆರೆದು ಬಿಸಾಡಿದ ಪಾಚಿಯನ್ನು ಆಯ್ದು ತಂದು ಇಲ್ಲಿ ಹಾಸುತ್ತಿದ್ದಾರೆ. ಅಕುಲಿನಾ ಮೇಲಿನಿಂದ ನೋಡುತ್ತಾರೆ, ಮಾತಾಡುವುದಿಲ್ಲ. ಬೇಕಾದ್ದನ್ನು ನಾಯಿಗೆ ಹೇಳುತ್ತಾರೆ: "ನೋಡೋ, ಗುಡ್ಡಕ್ಕೆ ನೆಗಡಿಯಂತೆ, ಕಂಬಳಿ ಹೊದಿಸ್ತಿದ್ದಾನೆ!"

ಅಕುಲಿನಾ ಅವರ ಮನೆಯದ್ದೇನೂ ಚಿಂತೆಯಿಲ್ಲ. ದಿಮ್ಮಿ ಬಿಚ್ಚಿ ಕೆಳಗಿನ ಬೀದಿಯಲ್ಲಿ ಮತ್ತೆ ಕಟ್ಟುತ್ತಿದ್ದಾರೆ. ಎತ್ತಲಾಗದ್ದು ಮನೆ ಮುಂದಿನ ಸೆರ್ಗೆ. ಅಕುಲಿನಾ ಮದುವೆಯಾಗಿ ಬಂದ ದಿನ ಗಂಡ ತೆರೆಂಟಿ ಕೆತ್ತಿ ನೆಟ್ಟ ಕುದುರೆ ಕಟ್ಟುವ ಕಂಬ ಅದು. ತೆರೆಂಟಿ ತೀರಿಹೋಗಿ ಎಷ್ಟೋ ಕಾಲವಾಯಿತು. ನೆಟ್ಟ ಸೆರ್ಗೆಯನ್ನು ನಮ್ಮಲ್ಲಿ ಯಾರೂ ಕೀಳುವುದಿಲ್ಲ. ಅದು ತಾನಾಗಿ ಹಣ್ಣಾಗಿ, ತಾನಾಗಿ ಬೀಳಬೇಕು. ಕಿತ್ತು ತಂದು ಕೆಳಗೆ ನೆಡೋಣ ಎಂದ ಪಂಚಾಯ್ತಿಯವರನ್ನು ಅಕುಲಿನಾ ಸೌಟು ಹಿಡಿದು ಅಟ್ಟಿದ್ದರು. ಹಬಿರೀಸ್ ಮೂರು ಬೇಸಿಗೆ ಬೆನ್ನು ಮುರಿದುಕೊಂಡದ್ದು ಆ ಒಂದು ಕಂಬ ತನ್ನ ಕಾಲ ಬರುವವರೆಗೆ ನಿಲ್ಲಲಿ ಎಂದು.

ನಿಲ್ಲಲಿಲ್ಲ. ಇದನ್ನು ಬರೆಯುವುದಕ್ಕೆ ಮುಂಚಿನ ಬುಧವಾರ, ನಾವಿಬ್ಬರೂ ಅಲ್ಲೇ ಇದ್ದಾಗ, ಅಂಚು ಬಿರುಕು ಬಿಟ್ಟಿತು. ಹಬಿರೀಸ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಕಂಬ ನಿಂತ ಹಾಗೆಯೇ ಸ್ವಲ್ಪ ದೂರ ಇಳಿದು, ವಾಲಿ, ಕೆಸರಿನೊಳಗೆ ಹೋಯಿತು. ಹಾಸಿದ ಪಾಚಿಯೂ ಅದರ ಹಿಂದೆಯೇ ಹೋಯಿತು. ಹಬಿರೀಸ್ ಕೈಯಲ್ಲಿದ್ದ ಗೂಟ ಕೆಳಗಿಟ್ಟು ಟೋಪಿ ತೆಗೆದರು.

ಅಕುಲಿನಾ ಒಂದು ಮರದ ಬಟ್ಟಲು ತುಂಬ ಕುಮಿಸ್ ಹಿಡಿದು ಬಂದರು. ಕುದುರೆ ಹಾಲಿನ ಆ ಹುಳಿ ಪೇಯವನ್ನು ಅಂಚಿನಿಂದ ಕೆಳಗೆ ಮೂರು ಸಲ ಚಿಮುಕಿಸಿದರು. ಉಳಿದದ್ದನ್ನು ಹಬಿರೀಸ್ ಮುಂದೆ ಚಾಚಿದರು.

"ಕುಡಿ."

"ಅಕ್ಕಾ, ನನ್ನಿಂದ..."

"ಗೊತ್ತು ನಿನ್ನಿಂದ ಅಂತ. ಕುಡಿದು ಕೆಳಗಿಳಿ. ಹೊಸ ಗೋಡೆ ಸಂದು ಬಾಯಿ ಬಿಟ್ಕೊಂಡ್ ಕೂತಿದೆ, ಚಳಿಗಾಲದಲ್ಲಿ ಬಂದು ನೀನು ಬಿಸಿಯುಸಿರು ಊದ್ತೀಯಾ?"

ಮೂರು ವರ್ಷದಲ್ಲಿ ಆಕೆ ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಹಬಿರೀಸ್ ಬಟ್ಟಲು ಬರಿದು ಮಾಡಿದರು.

ಇಳಿಯುವಾಗ, ಇನ್ನೇನು ಆಸೆ ಉಳಿದಿದೆ ಎಂದು ಕೇಳಿದೆ.

"ಅಕ್ಕ ಕೆಳಗಿನ ಮನೆ ಮುಂದೆ ಹೊಸ ಸೆರ್ಗೆ ನೆಡ್ಸಿದ್ರೆ, ಗುಂಡಿ ತೋಡೋಕೆ ನನ್ನನ್ನೇ ಕರೀಲಿ. ಮೇಲಿನ ಪಾಚಿನ ಹರೀದೆ ಎತ್ತಿ ನೆರಳಲ್ಲಿಡ್ತೀನಿ. ಕಂಬ ನಿಂತ ಮೇಲೆ ಅದನ್ನ ಇದ್ದ ಹಾಗೇ ವಾಪಸ್ ಹಾಸ್ತೀನಿ. ಈಗ ನಂಗೆ ಬರುತ್ತೆ, ತಮ್ಮಾ."