ಮೂರು ದಿನದ ಪಥ್ಯ, ಮೂರು ತಿಂಗಳ ಶುಗರ್

ನಮ್ಮ ಮಾವನವರು ರೈಲ್ವೇಲಿ ಸ್ಟೇಷನ್ ಮಾಸ್ಟರ್ ಆಗಿದ್ದು ರಿಟೈರ್ ಆದವರು. ಈಗ ಎಪ್ಪತ್ನಾಲ್ಕು. ಶುಗರ್ ಬಂದು ಇಪ್ಪತ್ತು ವರ್ಷ ಆಯ್ತು, ಆದ್ರೆ ಬ್ಲಡ್ ಟೆಸ್ಟ್ ಅಂದ್ರೆ ಅವರ ಲೆಕ್ಕದಲ್ಲಿ ಇವತ್ತಿಗೂ ಅದು ಇನ್‌ಸ್ಪೆಕ್ಷನ್ನು. ದೊಡ್ಡ ಸಾಹೇಬ್ರು ಬರೋದಕ್ಕೆ ಮೂರು ದಿನ ಮೊದ್ಲು ಪ್ಲಾಟ್‌ಫಾರ್ಮ್ ಅಂಚಿಗೆಲ್ಲ ಸುಣ್ಣ ಬಳಿಸಿ, ಬೆಂಕಿ ಆರಿಸೋ ಬಕೆಟ್ಟಿಗೆ ಹೊಸ ಮರಳು ತುಂಬಿಸ್ತಿದ್ರಂತೆ. ಈಗ್ಲೂ ಹಂಗೇ. ಟೆಸ್ಟ್‌ಗೆ ಮೂರು ದಿನ ಇದೆ ಅನ್ನೋವಾಗ ಅನ್ನ ಬಂದ್, ಸಿಹಿ ಬಂದ್, ವಾಕಿಂಗ್ ಡಬಲ್. ರಿಪೋರ್ಟ್ ಫಸ್ಟ್ ಕ್ಲಾಸ್ ಬರುತ್ತೆ. ಅವತ್ತು ಸಾಯಂಕಾಲಾನೇ ಚೆನ್ನೈನ ನಮ್ಮ ಕ್ರೋಂಪೇಟೆ ಸ್ಟೇಷನ್ ಎದುರಿನ ಅಂಗಡಿಯಿಂದ ಬಾಳೆಕಾಯಿ ಬಜ್ಜಿ ಪೊಟ್ಟಣ ಮನೆಗೆ ಬರುತ್ತೆ.

ನಾವು ನಗ್ತಾ ಇದ್ವಿ. ಮಾವನ ಕಣ್ಣಿಗೆ ಪೊರೆ ಬರೋ ತನಕ.

ಅತ್ತೆ ತೀರಿಕೊಂಡ ಮೇಲೆ ಮಾವ ಬಾಯಿತುಂಬ ನಗೋದು ದಿನಕ್ಕೆ ಎರಡೇ ಗಂಟೆ. ಸಾಯಂಕಾಲ ಐದರಿಂದ ಏಳು, ನಮ್ಮ ಫ್ಲಾಟ್ಸಿನ ಅಸೋಸಿಯೇಷನ್ ರೂಮಲ್ಲಿ ಕೇರಂ ಬೋರ್ಡ್ ಮುಂದೆ. ಎರಡನೇ ಮಹಡಿ ಇನ್ಶೂರೆನ್ಸ್ ಅಂಕಲ್ ಅವರ ಪಾರ್ಟ್‌ನರ್. ಕೋಲಾರದ ಕಡೆಯವರು, ಬಾಯಿ ಸ್ವಲ್ಪ ಜೋರು. ಪೊರೆ ಬಂದಮೇಲೆ ಮಾವನಿಗೆ ಬಿಳಿ ಕಾಯಿ ಎಲ್ಲ ಟೀ ಕಲೆ ಆದಂಗೆ ಕಾಣಿಸೋಕೆ ಶುರುವಾಯ್ತು. ಒಂದೇ ಆಟದಲ್ಲಿ ಎದುರಾಳಿ ಕಾಯಿ ಮೂರನ್ನ ನೀಟಾಗಿ ಪಾಕೆಟ್ ಮಾಡಿ, "ಹೆಂಗೆ!" ಅಂದ್ರಂತೆ. ಮಾರನೇ ದಿನ ಹೋದ್ರೆ ಅವರ ಕುರ್ಚೀಲಿ ಒಬ್ಬ ಬ್ಯಾಂಕಿನವರು ಕೂತಿದ್ರು.

"ನೀವು ಸ್ಕೋರ್ ಹೇಳ್ರೀ ಸ್ವಾಮಿ, ಕಣ್ಣಿಗೆ ಯಾಕೆ ತೊಂದ್ರೆ," ಅಂದ್ರಂತೆ ಇನ್ಶೂರೆನ್ಸ್ ಅಂಕಲ್.

ಮನೆಗೆ ಬಂದು ಮಾವ ಟಿವಿ ಹಾಕಿದ್ರು, ಆಫ್ ಮಾಡಿದ್ರು, ಮತ್ತೆ ಹಾಕಿದ್ರು. ಆಮೇಲೆ ನನ್ನ ಕರೆದು, "ಆಪರೇಷನ್ ಮಾಡಿಸ್ಕೋತೀನಮ್ಮ," ಅಂದ್ರು. ಎರಡು ವರ್ಷದಿಂದ ನಾವು ಬಡ್ಕೊಂಡ್ರೂ ಬೇಡ ಅಂತಿದ್ದ ಮನುಷ್ಯ.

ಪೋರೂರಿನ ಕಣ್ಣಾಸ್ಪತ್ರೇಲಿ, ಶುಗರ್ ಹಿಡಿತದಲ್ಲಿದ್ರೆ ಮಾತ್ರ ಆಪರೇಷನ್ ಅಂದ್ರು, ಒಂದು ತಿಂಗಳು ಬಿಟ್ಟು ಬನ್ನಿ ಅಂದ್ರು. ಇಲ್ಲಿ ನನ್ನ ಪ್ರವೇಶ. ನಾನು ಫೋನಲ್ಲಿ ಅಡುಗೆ ರೀಲ್ಸ್ ಹಾಕೋಳು. ಆ ಟೈಮಿಗೆ ಎಲ್ಲಿ ನೋಡಿದ್ರೂ ಪಾಲಿಫಿನಾಲ್, ಪಾಲಿಫಿನಾಲ್. ನೇರಳೆ ಹಣ್ಣು, ನೆಲ್ಲಿಕಾಯಿ, ಚಕ್ಕೆ, ಟೀ, ಕಾಫಿ, ರಾಗಿ, ಎಲ್ಲದರ ಒಗರು, ಬಣ್ಣದಲ್ಲಿ ಇರೋ ಸತ್ವ, ವಯಸ್ಸಾದೋರ ಶುಗರ್‌ಗೆ ಒಳ್ಳೇದು ಅಂತ. ಅದರಲ್ಲಿ ಅರ್ಧ ನಾನು ಓದಿ ಮಾವನಿಗೆ ಹೇಳಿದೆ. ಇನ್ನರ್ಧ ಅವರೇ ಕಲ್ಪನೆ ಮಾಡ್ಕೊಂಡ್ರು.

ಬೆಳಗ್ಗೆ ಇಡ್ಲಿ ಮುಗಿಸಿ ಒಂದು ಹಿಡಿ ನೇರಳೆ ಹಣ್ಣು.

"ಮಾವ, ಇಡ್ಲಿ ಸ್ವಲ್ಪ ಜಾಸ್ತಿ ಆಗ್ಲಿಲ್ವಾ?"

"ಅದಕ್ಕೇ ತಾನೇ ಈ ಹಣ್ಣು? ಅದು ಏರಿಸುತ್ತೆ, ಇದು ಇಳಿಸುತ್ತೆ. ಸರಿಹೋಯ್ತಲ್ಲ."

ಹನ್ನೊಂದು ಗಂಟೆಗೆ ಮೂರನೇ ಕಾಫಿ, ಎರಡು ಚಮಚ ಸಕ್ಕರೆ. "ಡಿಕಾಕ್ಷನ್ನಲ್ಲೇ ಇದೆಯಂತಲ್ಲಮ್ಮ ಅದು? ನಾಲಿಗೆಗೋಸ್ಕರ ಕುಡೀತಿದೀನಿ ಅಂದ್ಕೊಂಡ್ಯಾ?" ಊಟ ಆದ್ಮೇಲೆ ಡಾರ್ಕ್ ಚಾಕೊಲೇಟು. "ಕಹಿ ಇದೆ, ಔಷಧಿ ಥರ," ಅಂತ ಮುಖ ಸಿಂಡರಿಸಿಕೊಂಡು ಅರ್ಧ ಬಾರ್ ಖಾಲಿ.

ತಿಂಗಳು ಮುಗೀತಾ ಬಂತು. ಕೊನೇ ಮೂರು ದಿನ ಎಂದಿನ ಥರ ಕಟ್ಟುನಿಟ್ಟು. ಟೆಸ್ಟ್ ದಿನ ಖಾಲಿ ಹೊಟ್ಟೆ ಶುಗರ್ ನೂರ ಹದಿನೆಂಟು. ಮಾವ ಡಾಕ್ಟರ್ ರೂಮಿಗೆ ಹೋದ ಗತ್ತು ನೋಡಬೇಕಿತ್ತು, ಪ್ರಮೋಷನ್ ಆರ್ಡರ್ ಈಸ್ಕೊಳ್ಳೋಕೆ ಹೋದಂಗೆ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ತಮಿಳಲ್ಲೇ ಮಾತು. "ಫಾಸ್ಟಿಂಗ್ ಚೆನ್ನಾಗಿದೆ ಅಪ್ಪಾ. ಆದ್ರೆ ಮೂರು ತಿಂಗಳ ಶುಗರ್ ಸರಾಸರಿ ಹೇಳೋ ಎಚ್‌ಬಿಎ1ಸಿ ಒಂಬತ್ತೂವರೆ ಬಂದಿದೆ. ಎಂಟರ ಒಳಗೆ ಬರ್ಲಿ, ಆಮೇಲೆ ಮಾಡೋಣ. ಈಗ ಮಾಡಿದ್ರೆ ಇನ್‌ಫೆಕ್ಷನ್ ಭಯ."

ಮಾವ ಕೂತಲ್ಲೇ ನೆಟ್ಟಗಾದ್ರು. "ಮೂರು ತಿಂಗಳದ್ದು ಯಾವಾಗ ನೋಡಿದ್ರಿ?"

"ಅದೇ ರಕ್ತದಲ್ಲೇ ಗೊತ್ತಾಗುತ್ತೆ."

"ನನಗೆ ಮೊದ್ಲೇ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ?"

ಮಾವ ಷರ್ಟ್ ಕಾಲರ್ ಸರಿಮಾಡ್ಕೊಂಡ್ರು. ಕೊನೇ ಅಸ್ತ್ರ ಅಂತ, "ನಾನು ದಿನಾ ಪಾಲಿಫಿನಾಲ್ ತಗೋತಿದೀನಿ ಡಾಕ್ಟರಮ್ಮ," ಅಂದ್ರು.

ಆಕೆ ಪೆನ್ ಕೆಳಗಿಟ್ರು. "ಹೆಂಗೆ?"

"ಇಡ್ಲಿ ಆದ್ಮೇಲೆ ನೇರಳೆ ಹಣ್ಣು."

"ಎಷ್ಟು ಇಡ್ಲಿ?"

ಮಾವ ಫ್ಯಾನ್ ನೋಡಿದ್ರು. "ನಾಲ್ಕು."

"ಆರು," ಅಂದೆ ನಾನು.

ಮಾವ ಮೆಲ್ಲಗೆ ನನ್ನ ಕಡೆ ತಿರುಗಿದ್ರು. ತಿರುಗಿದ್ದೇ ತಡ, "ಇವಳೂ ಕೊಡ್ತಾಳೆ ಡಾಕ್ಟರಮ್ಮ. ಜೇನುತುಪ್ಪದಲ್ಲಿ ನೆನೆಸಿದ ನೆಲ್ಲಿಕಾಯಿ ದಿನಾ ಎರಡು. ನೇರಳೆ ಜ್ಯೂಸಿಗೆ ತಾಳೆಬೆಲ್ಲ. ನ್ಯಾಚುರಲ್ ಅಂತೆ."

ಡಾಕ್ಟರು ನನ್ನ ನೋಡಿದ್ರು. ನಾನು ಫ್ಯಾನ್ ನೋಡಿದೆ.

ಆಕೆ ಹೇಳಿದ್ದು ಇಷ್ಟೇ. ಆ ಹಣ್ಣು, ಆ ಒಗರು ಎಲ್ಲ ಒಳ್ಳೇದೇ, ಒಂಚೂರು ಸಹಾಯ ಮಾಡಬಹುದು. ಆದ್ರೆ ಅದನ್ನ ಯಾವುದರ ಬದಲಿಗೆ ತಿಂತೀರಿ ಅನ್ನೋದನ್ನ ನೋಡಿ. ನೀವು ಇರೋದೆಲ್ಲಾ ತಿಂದು, ಅದರ ಮೇಲೆ ಇದನ್ನೂ ತಿಂತಿದೀರಿ. "ಮಾತ್ರೆ ಸರಿಯಾಗಿ ತಗೋತಿದೀರಾ?" ಅಂತ ಕೇಳಿದಾಗ ಮಾವ ಹೂಂ ಅಂದ್ರು. ಆ ಹೂಂ ನನಗೆ ಸರಿ ಅನ್ನಿಸ್ಲಿಲ್ಲ.

ವಾಪಸ್ ಬರೋವಾಗ ಆಟೋದಲ್ಲಿ ಪಟ್ಟು ಹಿಡಿದೆ. ಪಲ್ಲಾವರಂ ಹತ್ರ ಬಾಯಿಬಿಟ್ರು. ನೇರಳೆ ಹಣ್ಣು ತಿಂದ ದಿನ ರಾತ್ರಿ ಮಾತ್ರೆ ಬಿಟ್ಟುಬಿಡ್ತಿದ್ರಂತೆ. ಎರಡೂ ಸೇರಿ ಶುಗರ್ ತೀರಾ ಇಳಿದುಬಿಟ್ರೆ ಅಂತ ಮುಂಜಾಗ್ರತೆ!

ಬೈದೆ ನೋಡಿ. ವಯಸ್ಸು, ಮಾವ, ಮರ್ಯಾದೆ ಏನೂ ನೋಡದೆ ಬೈದೆ. ಕನ್ನಡ ಬರದ ಆಟೋದವನೂ ಕನ್ನಡಿಯಲ್ಲಿ ಮಾವನನ್ನ ನೋಡಿ ಪಾಪ ಅನ್ನೋ ಮುಖ ಮಾಡಿದ.  ನಾನು ಬೈದು ಮುಗಿಸಿದ ಮೇಲೆ ಮಾವ, "ಇನ್ನು ಮೂರು ತಿಂಗಳು. ಅಷ್ಟರಲ್ಲಿ ಕೇರಂ ರೂಮಲ್ಲಿ ಅವರಿಬ್ಬರದು ಜೋಡಿ ಸೆಟ್ ಆಗಿಬಿಡುತ್ತೆ," ಅಂದ್ರು, ಹೊರಗೆ ನೋಡ್ಕೊಂಡು. 

ಜೇನು ನೆಲ್ಲಿಕಾಯಿ ರೀಲಿಗೆ ನನಗೆ ಅತಿ ಹೆಚ್ಚು ಲೈಕ್ ಬಂದಿತ್ತು. ಡಿಲೀಟ್ ಮಾಡಿದೆ ಅಂತ ಬರೆಯೋಕೆ ಆಸೆ, ಆದ್ರೆ ಮಾಡ್ಲಿಲ್ಲ. ಕೆಳಗೆ "ಶುಗರ್ ಇರೋರಿಗಲ್ಲ" ಅಂತ ಒಂದು ಸಾಲು ಸೇರಿಸಿದೆ. ಅದಕ್ಕೂ ಒಬ್ಬಳು ಬಂದು ಜಗಳ ಆಡಿದ್ಲು, "ಜೇನು ಅಮೃತ ಅಕ್ಕಾ" ಅಂತ.

ಆಮೇಲೆ ಶುರುವಾಯ್ತು ನಿಜವಾದ ಪಥ್ಯ. ಆರು ಇಡ್ಲಿ ಮೂರಾಯ್ತು. ನಾಲ್ಕು ಗಂಟೆ ಬಿಸ್ಕತ್ತು ಹೋಗಿ ಆ ಜಾಗಕ್ಕೆ ಹಣ್ಣು ಬಂತು. ರಾತ್ರಿ ಅನ್ನ ಹೋಗಿ ಒಂದು ಸಣ್ಣ ರಾಗಿಮುದ್ದೆ, ತಟ್ಟೆ ತುಂಬ ಸೊಪ್ಪಿನ ಸಾರು. ಮಾತ್ರೆ ನನ್ನ ಕಣ್ಣೆದುರಿಗೇ, ನಾಲಿಗೆ ಎತ್ತಿ ತೋರಿಸೋ ತನಕ ಬಿಡ್ತಿರ್ಲಿಲ್ಲ. ಸಕ್ಕರೆ ಇಲ್ಲದ ಕಾಫಿ ಮೊದಲ ದಿನ ಬಾಯಿಗಿಟ್ಟು, "ಇದನ್ನ ಕಾಫಿ ಅಂತ ಕರೆದ್ರೆ ಕೇಸ್ ಹಾಕ್ತಾರೆ ಕಣಮ್ಮ," ಅಂದ್ರು. ಎರಡನೇ ವಾರ ಬಯ್ಯೋದು ಕಮ್ಮಿ ಆಯ್ತು. ಒಂದ್ಸಲ ಮದುವೆ ಮನೇಲಿ ಪಕ್ಕದ ಎಲೆಗೆ ಜಹಾಂಗೀರ್ ಬಿದ್ದಾಗ ಅವರು ಅದನ್ನ ನೋಡಿದ ರೀತಿಗೆ, ಎಲೆಯವರೇ ಎದ್ದು ಬೇರೆ ಕಡೆ ಕೂತ್ರು.

ದಿನಾ ಐದಕ್ಕೆ ಕೇರಂ ರೂಮಿಗೆ ಮಾತ್ರ ತಪ್ಪದೆ ಹೋಗ್ತಿದ್ರು. ಗೋಡೆ ಪಕ್ಕ ಸ್ಟೂಲ್ ಮೇಲೆ ಕೂತು ಸ್ಕೋರ್ ಹೇಳೋಕೆ. ನನಗೇ ನೋಡೋಕಾಗ್ತಿರ್ಲಿಲ್ಲ.

ಮೂರು ತಿಂಗಳಾದ ಮೇಲೆ ಮತ್ತೆ ಪೋರೂರು. ರಿಪೋರ್ಟ್ ಕವರ್ ಮಾವ ನನ್ನ ಕೈಗೆ ಕೊಟ್ರು. "ಕಾಣಿಸಲ್ಲ, ನೀನೇ ಓದು."  ಏಳು ಪಾಯಿಂಟ್ ಆರು. ನಾನು ಓದಿದ್ದೇ ತಡ, ಪಕ್ಕದಲ್ಲಿ ಕೂತಿದ್ದ ಗುರುತು ಪರಿಚಯ ಇಲ್ಲದ ಅಜ್ಜಿಯೊಬ್ಬರಿಗೆ "ಏಳು ಪಾಯಿಂಟ್ ಆರು!" ಅಂತ ತಮಿಳಲ್ಲಿ ಹೇಳಿದ್ರು. ಆಕೆ, "ಎಷ್ಟನೇ ಟೋಕನ್ ನಡೀತಿದೆ?" ಅಂತ ಕೇಳಿದ್ರು.

ಆಪರೇಷನ್ ಆಯ್ತು. ಕಪ್ಪು ಕನ್ನಡಕ, ಡ್ರಾಪ್ಸು, ತಲೆ ಬಗ್ಗಿಸಬೇಡಿ, ನೀರು ತಾಗಿಸಬೇಡಿ. ಒಂದು ತಿಂಗಳು ಆದಮೇಲೆ ಡಾಕ್ಟರು ಸರಿ ಅಂದ ದಿನ ಮಾವ ಇಸ್ತ್ರಿ ಷರ್ಟ್ ಹಾಕ್ಕೊಂಡು ಹೊರಟ್ರು. ಡ್ರಾಪ್ಸ್ ನೆಪ ಇಟ್ಕೊಂಡು ನಾನೂ ಹಿಂದೆ ಹೋದೆ.

ಬ್ಯಾಂಕಿನವರು ತಾವಾಗೇ ಎದ್ದು ಕುರ್ಚಿ ಬಿಟ್ರು. ಮಾವ ಕೂತ್ರು, ಬೋರ್ಡ್ ಮೇಲೆ ಪೌಡರ್ ಸವರಿದ್ರು, ಸ್ಟ್ರೈಕರ್ ಇಟ್ಟು ಗುರಿ ನೋಡಿದ್ರು. ಹೊಡೆದ್ರು. ಒಂದು ಕಾಯೀನೂ ಅಲ್ಲಾಡ್ಲಿಲ್ಲ, ಸ್ಟ್ರೈಕರ್ ಮಾತ್ರ ನೆಟ್ಟಗೆ ಹೋಗಿ ಪಾಕೆಟ್ಟಲ್ಲಿ ಬಿತ್ತು.

"ಏನ್ರೀ ಸ್ವಾಮಿ! ಕಣ್ಣು ಹೊಸದು, ಕೈ ಹಳೇದೇನಾ?" ಅಂದ್ರು ಇನ್ಶೂರೆನ್ಸ್ ಅಂಕಲ್.

"ಆಡ್ರೀ ಸುಮ್ನೆ. ಇಷ್ಟು ದಿನ ನೀವೆಷ್ಟು ಕೆಟ್ಟದಾಗಿ ಆಡ್ತೀರಿ ಅಂತ ನನಗೆ ಕಾಣಿಸ್ತಿರ್ಲಿಲ್ಲ."

ಇಬ್ಬರೂ ಸೇರಿ ಮೂರು ಬೋರ್ಡ್ ಸೋತ್ರು. ಎದ್ದು ಬರೋವಾಗ ಮಾವ ಬಾಗಿಲ ಹತ್ರ ನಿಂತು, ಸ್ವಲ್ಪ ಅಳುಕಿಂದಾನೇ, "ನಾಳೆ ಐದಕ್ಕಾ?" ಅಂತ ಕೇಳಿದ್ರು.

"ಐದಕ್ಕೆ ಬಂದು ಏನ್ ಮಾಡ್ತೀರಿ? ನಾಲ್ಕೂವರೆಗೆ ಬನ್ನಿ," ಅಂದ್ರು ಅಂಕಲ್, ಕಾಯಿ ಡಬ್ಬಿಗೆ ತುಂಬ್ತಾ. "ಆಡೋ ಆಟಕ್ಕೆ ಪ್ರಾಕ್ಟೀಸ್ ಬೇಡ್ವೇನ್ರೀ?"