ಗಾಳಿಯಲ್ಲಿ ಎರಡು ಸುತ್ತು

ಸತ್ತವರು ತಿರುಗಿ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ, ಜೋಗುಪಾಳ್ಯದ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದನ್ನು ಇದ್ದಂತೆ ಹೇಳುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿ ಬೋರ್ಡುಗಳನ್ನು ಬರೆಯುವ ಕೆಲಸಕ್ಕೆ ಸೇರಿದವನು. ಕಲಿಸಿದವರು ಹಲಸೂರಿನ ಮಣಿಯಣ್ಣ. ಬ್ರಷ್ಷನ್ನು ಬೋರ್ಡಿಗೆ ತಾಗಿಸುವ ಮುನ್ನ ಅವರು ಗಾಳಿಯಲ್ಲಿ ಎರಡು ಸಣ್ಣ ಸುತ್ತು ಹಾಕುತ್ತಿದ್ದರು, ಆಮೇಲೆಯೇ ಅಕ್ಷರ. ವಯಸ್ಸಾದಂತೆ ಅವರ ಕೈ ನಡುಗತೊಡಗಿತು. ಒಂದು ದಿನ ಬೇಕರಿಯೊಂದರ ಮುಂದೆ, ಏಣಿಯ ಮೇಲೆ ನಿಂತು, ‘ಬೇಕರಿ’ಯ ಕೊನೆಯ ಅಕ್ಷರಕ್ಕೆ ಸುತ್ತು ಹಾಕುತ್ತಿದ್ದರು. ನಾನು ಕೆಳಗಿನಿಂದ ಕೂಗಿದೆ:

“ಏನ್ ಮಣಿಯಣ್ಣ, ಗಾಳೀಲೇ ಬೋರ್ಡ್ ಬರೀತೀರಾ? ಇಳೀರಿ, ನಾನ್ ಬರೀತೀನಿ.”

“ಗಾಳೀಲಿ ಬರೆದಿದ್ದಕ್ಕೂ ಕೂಲಿ ಕೊಡ್ಬೇಕೇನಪ್ಪಾ?” ಎಂದು ಬೇಕರಿಯವನೂ ನಕ್ಕ.

ಮಣಿಯಣ್ಣ ಇಳಿದು, ಬ್ರಷ್ಷನ್ನು ನನ್ನ ಕೈಗಿಟ್ಟು ಹೊರಟುಹೋದರು. ಮತ್ತೆ ಕೆಲಸಕ್ಕೆ ಬರಲಿಲ್ಲ. ಅವರ ಮನೆ ನಡೆದುಹೋಗುವಷ್ಟೇ ದೂರ. ನಾಳೆ ಹೋಗಿ ತಪ್ಪಾಯಿತು ಎಂದರಾಯಿತು ಎಂದುಕೊಳ್ಳುತ್ತಲೇ ಇದ್ದೆ. ಅವರು ತೀರಿಹೋದರು.

ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಮಗಳು ರೇಖಾ, ಒಂದು ಭಾನುವಾರ ಮಕ್ಕಳಿಗೆ ತೋರಿಸಲೆಂದು ಸಣ್ಣ ಪ್ರೋಗ್ರಾಂ ಬರೆದಿದ್ದಳು. ಮೌಸ್ ಹೋದಲ್ಲೆಲ್ಲ ಪರದೆಯ ಮೇಲೆ ಬಣ್ಣದ ಗೆರೆ ಮೂಡುತ್ತಿತ್ತು. ನಿಧಾನಕ್ಕೆ ಆಡಿಸಿದರೆ ದಪ್ಪ, ಬೇಗ ಆಡಿಸಿದರೆ ತೆಳು.

“ಬಟನ್ ಒತ್ತೋದೇ ಬೇಡ ಅಪ್ಪ. ಸುಮ್ನೆ ಕೈ ಆಡ್ಸಿ, ಎಲ್ಲಾ ಕಾಣ್ಸುತ್ತೆ,” ಎಂದಳು.

ಯಾಕೋ ‘ಬೇಕರಿ’ ಎಂದೇ ಬರೆಯಹೋದೆ. ಮೊದಲ ಅಕ್ಷರಕ್ಕೆ ಮುಂಚೆ ಪರದೆಯಲ್ಲಿ ಎರಡು ಸಣ್ಣ ಸುತ್ತು ಬಂದವು. ನಾನು ಸುತ್ತು ಹಾಕಿರಲಿಲ್ಲ. ಅಕ್ಷರವೂ ನಡುಗುತ್ತ ಮೂಡಿತು. ‘ಕ’ಕ್ಕೂ ಹಾಗೆಯೇ.

“ಕೈ ನಡುಗ್ತಿದ್ಯಾ ಅಪ್ಪ?”

ಪಕ್ಕದಲ್ಲಿದ್ದ ತುಂಬಿದ ನೀರಿನ ಲೋಟವನ್ನು ಎತ್ತಿ ಹಿಡಿದೆ. ಒಂದು ಹನಿಯೂ ಚೆಲ್ಲಲಿಲ್ಲ. ರೇಖಾ ಮೌಸ್ ಹಿಡಿದು ನೋಡಿದಳು. ಅವಳ ಗೆರೆ ನೇರವಾಗಿತ್ತು. ನಾನು ಮತ್ತೆ ಹಿಡಿದೆ. ಕೊನೆಯ ಅಕ್ಷರದ ಜಾಗದಲ್ಲಿ ಎರಡು ಸುತ್ತು ಬಂದವು. ಅಷ್ಟೇ. ಮೇಜಿನ ತುಂಬ ಮೌಸ್ ಆಡಿಸಿದರೂ ಮುಂದೆ ಗೆರೆ ಮೂಡಲಿಲ್ಲ. ಅವಳು ಮುಟ್ಟಿದೊಡನೆ ಮತ್ತೆ ಬಂತು.

ಪ್ರೋಗ್ರಾಮನ್ನು ಅವಳು ಸಾಲು ಸಾಲಾಗಿ ಓದಿದಳು. ತಪ್ಪು ಸಿಗಲಿಲ್ಲ. ಆ ಸುತ್ತು ಹಾಕಿದ್ದು ನನ್ನ ಕೈಯೋ ಇನ್ನೊಬ್ಬರದೋ, ಇವತ್ತಿಗೂ ನನಗೆ ತಿಳಿಯದು.

“ಅಳಿಸ್ಲಾ ಅಪ್ಪ?” ಎಂದು ಕೇಳಿದಳು.

ಬೇಡ ಎನ್ನಬೇಕೆಂದಿದ್ದೆ. ಅಷ್ಟರಲ್ಲೇ ಅವಳು ಅಳಿಸಿಬಿಟ್ಟಳು.